ಗ್ರಾಫ್ ಪ್ರೋಗ್ರಾಂ ಟಿಪ್ಪಣಿ: ಅಡ್ಡ ಅಕ್ಷಕ್ಕೆ ಯಾವ ಅಕ್ಷರ?

ಬಿಡುವಿನಲ್ಲಿ ಬರೆಯುತ್ತಿರುವ ಗ್ರಾಫ್ ಪ್ರೋಗ್ರಾಂನಲ್ಲಿ ಈ ಸಲ ಕೈ ಹಾಕಿದ್ದು ಒಂದೇ ವಿಷಯಕ್ಕೆ. ಬಳಸುವವರು ಒಂದು ಸೂತ್ರ ಟೈಪ್ ಮಾಡುತ್ತಾರೆ. ಅದರಲ್ಲಿ ನಾಲ್ಕಾರು ಅಕ್ಷರಗಳಿರುತ್ತವೆ. ಅಡ್ಡ ಅಕ್ಷದ ಮೇಲೆ ಯಾವುದು ಓಡಬೇಕು? ಅದನ್ನು ಅವರೇ ಹೇಳಬೇಕಾ, ಪ್ರೋಗ್ರಾಂ ಊಹಿಸಬೇಕಾ?

ಇಲ್ಲಿಯವರೆಗೆ ನನ್ನ ಪ್ರೋಗ್ರಾಂಗೆ ಎಕ್ಸ್ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಎಕ್ಸ್² ಅಂದರೆ ಪ್ಯಾರಾಬೊಲಾ, ಟಿ² ಅಂದರೆ ಎರರ್. ಇದೇನೂ ಕೆಟ್ಟ ಪದ್ಧತಿಯಲ್ಲ. 1986ರಿಂದ ಇರುವ ಗ್ನೂಪ್ಲಾಟ್ ಎಂಬ ಗ್ರಾಫ್ ಪ್ರೋಗ್ರಾಂ ನಡೆಯುವುದೂ ಹೀಗೇ. ಸಾಮಾನ್ಯ ಗ್ರಾಫ್‌ಗೆ ಎಕ್ಸ್, ಪ್ಯಾರಾಮೆಟ್ರಿಕ್ ಮೋಡ್‌ಗೆ (ಎಕ್ಸ್, ವೈ ಎರಡನ್ನೂ ಇನ್ನೊಂದು ಅಕ್ಷರದಿಂದ ಹೇಳುವ ಬಗೆ) ಹೋದರೆ ಟಿ, ಮೂರು ಆಯಾಮದ ಪ್ಯಾರಾಮೆಟ್ರಿಕ್ ಆದರೆ ಯು ಮತ್ತು ವಿ. ಬೇರೆ ಹೆಸರು ಬೇಕೆಂದರೆ ‘ಸೆಟ್ ಡಮ್ಮಿ’ ಎಂಬ ಕಮಾಂಡ್ ಇದೆ. ಅಂಕಿಅಂಶಗಳ ಕೆಲಸಕ್ಕೆ ಬಳಸುವ ಆರ್ ಭಾಷೆಯಲ್ಲಿ ಗೆರೆ ಎಳೆಯುವ ‘ಕರ್ವ್’ ಕೂಡ ಸೂತ್ರದಲ್ಲಿ ಎಕ್ಸ್ ಇರಲೇಬೇಕು ಅನ್ನುತ್ತದೆ, ಬೇಡವಾದರೆ ‘ಎಕ್ಸ್‌ನೇಮ್’ ಅಂತ ಬೇರೆ ಹೆಸರು ಕೊಡಬೇಕು. ಗೊತ್ತಿರುವ ಬೆಲೆಗೆ ಎ, ಬಿ, ಸಿ, ಗೊತ್ತಿಲ್ಲದ್ದಕ್ಕೆ ಎಕ್ಸ್, ವೈ, ಜೆಡ್ ಎಂಬ ರೂಢಿ 1637ರಲ್ಲಿ ಫ್ರೆಂಚ್ ಗಣಿತಜ್ಞ ದೆಕಾರ್ತ್ ಹಾಕಿಕೊಟ್ಟದ್ದು. ಅಷ್ಟು ಹಳೆಯ ಅಭ್ಯಾಸವನ್ನು ಡೀಫಾಲ್ಟ್ ಮಾಡಿದರೆ ಯಾರೂ ಬೈಯುವುದಿಲ್ಲ.

ತಕರಾರು ಶುರುವಾಗುವುದು ಫಿಸಿಕ್ಸ್ ಸೂತ್ರ ಬಂದಾಗ. ನಾನು ಪರೀಕ್ಷೆಗೆ ಇಟ್ಟುಕೊಂಡದ್ದು ಎಲ್ಲರಿಗೂ ಗೊತ್ತಿರುವ ಎಸ್ = ಯು·ಟಿ + ½·ಎ·ಟಿ² (ಎಸ್ ದೂರ, ಯು ಆರಂಭದ ವೇಗ, ಎ ವೇಗೋತ್ಕರ್ಷ, ಟಿ ಸಮಯ). ಯು ಬೆಲೆ 20, ಎ ಬೆಲೆ -10 ಇಟ್ಟರೆ, ಗೆರೆ ಟಿ = 2ರಲ್ಲಿ 20ರ ಎತ್ತರ ಮುಟ್ಟಿ, ಟಿ = 4ಕ್ಕೆ ವಾಪಸ್ ನೆಲಕ್ಕೆ ಬರಬೇಕು. ಈಗ ಯಾವ ಅಕ್ಷರಕ್ಕೂ ಬೆಲೆ ಕೊಡದೆ, ಸೂತ್ರ ಮಾತ್ರ ಕೊಟ್ಟೆ ಅಂದುಕೊಳ್ಳಿ. ‘ಅಕಾರಾದಿಯಲ್ಲಿ ಮೊದಲು ಬರುವ ಅಕ್ಷರ’ ಎಂಬ ನಿಯಮ ಹಾಕಿದರೆ ಎ ಅಡ್ಡ ಅಕ್ಷಕ್ಕೆ ಹೋಗುತ್ತದೆ, ಉಳಿದವು ಸ್ಲೈಡರ್ (ಎಳೆದು ಬೆಲೆ ಬದಲಿಸುವ ಗುಂಡಿ) ಆಗುತ್ತವೆ. ಟಿ ಸ್ಲೈಡರ್ 1ರಲ್ಲಿದ್ದರೆ ಪರದೆಯ ಮೇಲೆ ಬರುವುದು ಚಂದದ ಒಂದು ನೇರ ಗೆರೆ! ಮ್ಯಾಟ್‌ಲ್ಯಾಬ್ ಎಂಬ ಗಣಿತ ಸಾಫ್ಟ್‌ವೇರ್‌ನಲ್ಲಿ ಅಕ್ಷರಗಳ ಲೆಕ್ಕ ಮಾಡುವ ಸಿಂಬಾಲಿಕ್ ಟೂಲ್‌ಬಾಕ್ಸ್‌ನಲ್ಲಿ ‘ಎಕ್ಸ್‌ಗೆ ಹತ್ತಿರದ ಅಕ್ಷರ’ ಎಂಬ ಇನ್ನೂ ಜಾಣ ನಿಯಮ ಇದೆ. ಅದನ್ನು ಇಲ್ಲಿಗೆ ಹಚ್ಚಿದರೆ ಯು ಗೆಲ್ಲುತ್ತದೆ, ಯಾಕೆಂದರೆ ಟಿಗಿಂತ ಯು ಎಕ್ಸ್‌ಗೆ ಒಂದು ಹೆಜ್ಜೆ ಹತ್ತಿರ. ಮತ್ತೆ ನೇರ ಗೆರೆಯೇ.

ಲೆಕ್ಕ ಎಲ್ಲೂ ತಪ್ಪಿಲ್ಲ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಕೇಳಿದ ಪ್ರಶ್ನೆ ಒಂದು, ಉತ್ತರಿಸಿದ ಪ್ರಶ್ನೆ ಇನ್ನೊಂದು, ಅಷ್ಟೇ. ನನಗೆ ಎರರ್‌ಗಿಂತ ಇಂಥ ಗ್ರಾಫ್ ಕಂಡರೆ ಜಾಸ್ತಿ ಭಯ.

ಹಾಗಾದರೆ ಹೆಸರನ್ನು ಕಡ್ಡಾಯ ಮಾಡಿಬಿಡೋಣವೇ? ಮ್ಯಾಥಮೆಟಿಕಾ, ಮ್ಯಾಕ್ಸಿಮಾ ಎಂಬ ಗಣಿತ ಪ್ರೋಗ್ರಾಂಗಳು ಎರಡರಲ್ಲೂ ವ್ಯಾಪ್ತಿಯ ಜೊತೆಗೇ ಹೆಸರು ಬರುತ್ತದೆ: ‘ಎಕ್ಸ್, 0ಯಿಂದ 10’. ಅಂಥದ್ದೇ ಇನ್ನೊಂದು ಪ್ರೋಗ್ರಾಂ ಸೇಜ್‌ಮ್ಯಾತ್‌ನಲ್ಲಿ ಒಂದಕ್ಕಿಂತ ಹೆಚ್ಚು ಚರಗಳಿರುವಾಗ ಹೆಸರಿಲ್ಲದ ವ್ಯಾಪ್ತಿ ಕೊಟ್ಟರೆ ‘ಇದು ಮುಂದೆ ನಡೆಯುವುದಿಲ್ಲ, ಹೆಸರು ಕೊಡಿ’ ಎಂಬ ಎಚ್ಚರಿಕೆ ಬರುವಂತೆ ಮಾಡಿದರು. ತಮಾಷೆ ಅಂದರೆ, ಎಕ್ಸ್ ಅನ್ನು ಕೇಳದೇ ಊಹಿಸುವ ಗ್ನೂಪ್ಲಾಟ್ ಕೂಡ, ಡೇಟಾಗೆ ಗೆರೆ ಹೊಂದಿಸುವ ‘ಫಿಟ್’ ಕಮಾಂಡ್‌ನಲ್ಲಿ ಯಾವ ಅಕ್ಷರಗಳನ್ನು ಬದಲಿಸಬೇಕು ಅಂತ ‘ವಯಾ ಎ, ಬಿ’ ಎಂದು ಬರೆಸಿಕೊಳ್ಳುತ್ತದೆ. ಅಲ್ಲಿ ಊಹೆ ದುಬಾರಿ, ಅಲ್ವಾ?

ಆದರೆ ಸುಮ್ನೆ ಸೈನ್ ಎಕ್ಸ್ ಹೇಗಿರುತ್ತದೆ ಅಂತ ನೋಡಲು ಬಂದವರಿಗೆ ‘ಚರದ ಹೆಸರು ನಮೂದಿಸಿ’ ಅಂದರೆ ಅವರು ಎದ್ದು ಹೋಗುತ್ತಾರೆ. ನಾನಾದರೂ ಹೋಗುತ್ತೇನೆ.

ಕೊನೆಗೆ ಕೋಡ್‌ಗೆ ಇಳಿಸಿದ್ದು ಹೀಗೆ. ಬೆಲೆ ಸಿಗದ ಅಕ್ಷರ ಸೂತ್ರದಲ್ಲಿ ಒಂದೇ ಇದ್ದರೆ, ಅದು ಎಕ್ಸ್ ಆಗಿರಲಿ, ಟಿ ಆಗಿರಲಿ, ಕ್ಯೂ ಆಗಿರಲಿ, ಅದೇ ಅಡ್ಡ ಅಕ್ಷ. ಅಂಥವು ಒಂದಕ್ಕಿಂತ ಹೆಚ್ಚಿದ್ದು ಅವುಗಳಲ್ಲಿ ಎಕ್ಸ್ ಇದ್ದರೆ ಎಕ್ಸ್‌ಗೆ ಆದ್ಯತೆ. ಎಕ್ಸ್ ಇಲ್ಲದಿದ್ದರೆ ಪ್ರೋಗ್ರಾಂ ಏನನ್ನೂ ಬಿಡಿಸುವುದಿಲ್ಲ, ಅಕ್ಷರಗಳನ್ನು ಸಾಲಾಗಿ ತೋರಿಸಿ ಒಂದನ್ನು ಒತ್ತಿ ಅನ್ನುತ್ತದೆ. ಊಹಿಸಿದ ಹೆಸರು ಗ್ರಾಫ್‌ನ ಕೆಳಗೆ ‘ಟಿ: 0ಯಿಂದ 5’ ಎಂದು ಕಾಣುತ್ತದೆ. ಅದನ್ನು ಒತ್ತಿ ಬದಲಾಯಿಸಲೂಬಹುದು. ಅಕ್ಷಕ್ಕೆ ಲೇಬಲ್ ಬರೆಯುವ ಕೆಲಸವೂ ಇದರಲ್ಲೇ ಮುಗಿಯಿತು.

ಇನ್ನೊಂದು ಗಂಟು, ಮೊದಲೇ ಎಕ್ಸ್ = 3 ಅಂತ ಬರೆದಿಟ್ಟು, ಆಮೇಲೆ ಸೈನ್ ಎಕ್ಸ್ ಬಿಡಿಸು ಅನ್ನುವವರದ್ದು. ಮೇಪಲ್ ಎಂಬ ಗಣಿತ ಪ್ರೋಗ್ರಾಂನಲ್ಲಿ ಹೀಗೆ ಮಾಡಿದರೆ ಎಕ್ಸ್ ಇದ್ದ ಜಾಗಕ್ಕೆಲ್ಲ 3 ಬಂದು ಕೂತು ಎರರ್ ಆಗುತ್ತದೆ. ಮ್ಯಾಥಮೆಟಿಕಾ ಗ್ರಾಫ್ ಬಿಡಿಸುವಷ್ಟು ಹೊತ್ತು ಹಳೆಯ 3ನ್ನು ಬದಿಗಿಟ್ಟು ಗೆರೆ ಎಳೆಯುತ್ತದೆ. ನಾನು ಎರಡನೆಯದನ್ನೇ ಹಿಡಿದೆ, ಆದರೆ ವ್ಯಾಪ್ತಿಯಲ್ಲಿ ಬಳಸುವವರೇ ಹೆಸರು ಬರೆದಿದ್ದಾಗ ಮಾತ್ರ. ಊಹೆಯ ಹೆಸರಿಗೆ ಅಷ್ಟು ಅಧಿಕಾರ ಇಲ್ಲ. ಅಲ್ಲಿ 3 ಅಂದರೆ 3, ಅಡ್ಡ ಗೆರೆ ಬರುತ್ತದೆ.

ಟೈಪ್ ಮಾಡುವಾಗಿನ ಕಾಟವೂ ಸ್ವಲ್ಪ ತಗ್ಗಿದೆ. ‘ಸೈನ್’ ಮೂರು ಅಕ್ಷರ ಟೈಪ್ ಆಗುವಷ್ಟರಲ್ಲಿ ಎಸ್‌ಗೊಂದು, ಐಗೊಂದು ಸ್ಲೈಡರ್ ಚಿಮ್ಮಿ ಮಾಯವಾಗುತ್ತಿದ್ದವು. ಡೆಸ್ಮೋಸ್ ಎಂಬ ಆನ್‌ಲೈನ್ ಗ್ರಾಫ್ ಪ್ರೋಗ್ರಾಂನಂತೆ ಈಗ ‘ಸ್ಲೈಡರ್ ಸೇರಿಸಲೇ?’ ಎಂಬ ಬಟನ್ ಮಾತ್ರ ತೋರಿಸುತ್ತೇನೆ. ಕರ್ಸರ್ ಒಂದು ಪದಕ್ಕೆ ತಾಗಿಕೊಂಡಿರುವವರೆಗೆ ಆ ಪದವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಫೈಲ್ ಸೇವ್ ಮಾಡುವಾಗ ಮಾತ್ರ ಸಡಿಲ ಬಿಟ್ಟಿಲ್ಲ. ಪರದೆಯ ಮೇಲೆ ಊಹೆಯಿಂದ ಬಂದ ಹೆಸರೂ ಫೈಲ್‌ನಲ್ಲಿ ಬಿಡಿಸಿ ಬರೆಯಲ್ಪಡುತ್ತದೆ. ಊಹೆಯ ನಿಯಮವನ್ನು ನಾನು ಮುಂದೆ ಖಂಡಿತ ಬದಲಿಸುತ್ತೇನೆ. ಆಗ ಹಳೆಯ ಫೈಲ್ ತೆರೆದವರಿಗೆ ಬೇರೆಯೇ ಚಿತ್ರ ಕಾಣಬಾರದು. ಹಳೆಯ ಪ್ರೋಗ್ರಾಮಿಂಗ್ ಭಾಷೆ ಫೋರ್ಟ್ರಾನ್‌ನಲ್ಲಿ ಐಯಿಂದ ಎನ್‌ವರೆಗಿನ ಅಕ್ಷರದಲ್ಲಿ ಶುರುವಾಗುವ ಹೆಸರು ತಾನಾಗಿಯೇ ಪೂರ್ಣಾಂಕ ಆಗುತ್ತದೆ. ಅದನ್ನು ನಿಲ್ಲಿಸಲು ಇವತ್ತಿಗೂ ಜನ ‘ಇಂಪ್ಲಿಸಿಟ್ ನನ್’ ಅಂತ ಮೇಲೊಂದು ಸಾಲು ಬರೆಯುತ್ತಾರೆ. ಆ ಸಾಲನ್ನು ನನ್ನ ಬಳಕೆದಾರರಿಂದ ಬರೆಸುವ ಬದಲು ಸೇವ್ ಬಟನ್ನೇ ಬರೆಯಲಿ.

ಬಾಕಿ ಇರುವುದು ಪೋಲಾರ್, ಅಂದರೆ ದೂರ (ಆರ್) ಮತ್ತು ಕೋನ (ಥೀಟಾ) ಹಿಡಿದು ಬಿಡಿಸುವ ಗ್ರಾಫ್. ಅಲ್ಲಿ ಆರ್ ಮತ್ತು ಥೀಟಾ ಒಟ್ಟಿಗೆ ಕಂಡರೆ ಪೋಲಾರ್ ಎಂದೇ ಹಿಡಿಯಬಹುದು. ಆದರೆ ಬರೀ ಆರ್ ಇರುವ π·ಆರ್² ವೃತ್ತದ ವಿಸ್ತೀರ್ಣವೂ ಹೌದು. ಸದ್ಯಕ್ಕೆ ಅದಕ್ಕೆ ಪ್ಯಾರಾಬೊಲಾ ಬರುತ್ತಿದೆ, ಅಡ್ಡ ಅಕ್ಷದ ಕೆಳಗೆ ‘ಆರ್’ ಅಂತಲೂ ಇದೆ. ಹಾಗೇ ಬಿಟ್ಟಿದ್ದೇನೆ.