ಫುಲ್‌ಬ್ರೈಟ್‌ಗೆ ಯಾರ ಪರಿಚಯ ಬೇಕು?

ವರ್ಷಕ್ಕೆ ಹತ್ತು ಸಲವಾದರೂ ಈ ಫೋನ್ ಬರುತ್ತದೆ. ಪಿಎಚ್‌ಡಿ ಮಾಡುತ್ತಿರುವ ಯಾರೋ ಒಬ್ಬರು. ಮೊದಲು ಚೆನ್ನಾಗಿದ್ದೀರಾ ಅಂತಾರೆ, ಸ್ವಲ್ಪ ತಡವರಿಸುತ್ತಾರೆ, ಆಮೇಲೆ ಕೇಳುತ್ತಾರೆ: "ಮೇಡಂ, ಫುಲ್‌ಬ್ರೈಟ್ ಸಿಗೋಕೆ ಯಾರದಾದ್ರೂ ಪರಿಚಯ ಇರಬೇಕಾ? ನಮ್ಮಂಥ ಕಾಲೇಜಿನವರಿಗೆಲ್ಲ ಕೊಡ್ತಾರಾ?"

ಫುಲ್‌ಬ್ರೈಟ್ ಅಂದರೆ ಅಮೆರಿಕಕ್ಕೆ ಹೋಗಿ ಸಂಶೋಧನೆ ಮಾಡಲು ಸಿಗುವ ಫೆಲೋಶಿಪ್. ಅದಕ್ಕೆ ಪರಿಚಯ ಬೇಕಿಲ್ಲ. ನಮ್ಮಂಥವರಿಗೂ ಕೊಡುತ್ತಾರೆ. ನಾನು ಡಿಗ್ರಿ ಮಾಡಿದ್ದು ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ, ಕನ್ನಡ ಮಾಧ್ಯಮದಲ್ಲಿ. ಮೊದಲ ಸಲ ಹಾಕಿದ ಅರ್ಜಿ ಸಂದರ್ಶನದವರೆಗೂ ಹೋಗಲಿಲ್ಲ. ಮುಂದಿನ ವರ್ಷ ಸಿಕ್ಕಿತು. ಎರಡೂ ಸಲ ಅದೇ ನಾನು, ಅದೇ ಕಾಲೇಜು, ಅದೇ ವಿಷಯ, ಅದೇ ಗೈಡ್. ನಡುವೆ ಏನು ಬದಲಾಯಿತು ಅನ್ನುವುದನ್ನು ಫೋನಿನಲ್ಲಿ ಹೇಳಿ ಮುಗಿಸೋಕೆ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಫುಲ್‌ಬ್ರೈಟ್ ಶುರುವಾಗಿದ್ದು 1946ರಲ್ಲಿ, ಅಮೆರಿಕದ ಸೆನೆಟರ್ ವಿಲಿಯಂ ಫುಲ್‌ಬ್ರೈಟ್ ತಂದ ಕಾನೂನಿನಿಂದ. ಭಾರತದ ಜೊತೆ ಒಪ್ಪಂದ ಆದದ್ದು 1950ರ ಫೆಬ್ರವರಿ 2ರಂದು. 2008ರಲ್ಲಿ ಹೊಸ ಒಪ್ಪಂದವಾಗಿ ಭಾರತ ಸರ್ಕಾರವೂ ಸಮಪಾಲು ಹಣ ಹಾಕತೊಡಗಿತು, ಫೆಲೋಶಿಪ್‌ಗೆ ಫುಲ್‌ಬ್ರೈಟ್-ನೆಹರೂ ಅಂತ ಹೆಸರಾಯಿತು. ದೆಹಲಿಯ ಯುಎಸ್‌ಐಇಎಫ್ ಅನ್ನುವ ಸಂಸ್ಥೆ ಇದನ್ನು ನಡೆಸುತ್ತದೆ. ಪಾಠ ಮಾಡುವವರಿಗೆ ಬೇರೆ ಫೆಲೋಶಿಪ್ ಇದೆ. ನಾನು ಹೇಳುತ್ತಿರುವುದು ಡಾಕ್ಟೋರಲ್ ರಿಸರ್ಚ್ ಬಗ್ಗೆ. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ನೋಂದಾಯಿಸಿದವರು ಆರರಿಂದ ಒಂಬತ್ತು ತಿಂಗಳು ಅಲ್ಲಿಗೆ ಹೋಗಿ ಕೆಲಸ ಮಾಡಿ ಬರುವುದು. ವಿಮಾನದ ಟಿಕೆಟ್ಟು, ತಿಂಗಳ ಸ್ಟೈಪೆಂಡು ಎಲ್ಲ ಅವರದೇ. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ಹೋದದ್ದು ಫುಲ್‌ಬ್ರೈಟ್ ಮೇಲೆ. ಗಿರೀಶ ಕಾರ್ನಾಡರು 1987ರಲ್ಲಿ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದದ್ದೂ ಫುಲ್‌ಬ್ರೈಟ್ ಮೇಲೆಯೇ. ನಮ್ಮ ಕಡೆಯವರಿಗೆ ಇದು ಹೊಸ ದಾರಿ ಏನಲ್ಲ.

ನನ್ನ ವಿಷಯ, 1960-70ರ ದಶಕಗಳಲ್ಲಿ ಹೆಂಗಸರಿಗೆಂದೇ ಅಚ್ಚಾದ ಅಗ್ಗದ ಕನ್ನಡ ಪುಸ್ತಕಗಳು. ಅಡುಗೆ, ಉಪ್ಪಿನಕಾಯಿ, ಹೊಲಿಗೆ, ಬಾಣಂತಿ ಆರೈಕೆ, ಮನೆಮದ್ದು. ಒಂದು, ಒಂದೂವರೆ ರೂಪಾಯಿಯ ಪುಸ್ತಕಗಳು. ಮೊದಲ ಅರ್ಜಿಯಲ್ಲಿ ನಾನು ಬರೆದ ಸಾಲು ಈಗಲೂ ಬಾಯಿಗೆ ಬರುತ್ತದೆ: "ಅಮೆರಿಕದ ವಿಶ್ವವಿದ್ಯಾಲಯಗಳ ಸುಸಜ್ಜಿತ ಗ್ರಂಥಾಲಯಗಳು ಹಾಗೂ ಹೆಸರಾಂತ ವಿದ್ವಾಂಸರ ಮಾರ್ಗದರ್ಶನ ನನ್ನ ಸಂಶೋಧನೆಗೆ ನೆರವಾಗಲಿವೆ." ಫೋನ್ ಮಾಡುವವರು ಕಳಿಸುವ ಕರಡುಗಳಲ್ಲೂ ಹೆಚ್ಚುಕಡಿಮೆ ಇದೇ ಸಾಲು ಇರುತ್ತದೆ. ವಿಷಯ ಭೌತಶಾಸ್ತ್ರ ಇರಲಿ, ಜಾನಪದ ಇರಲಿ, ಈ ಸಾಲು ಎಲ್ಲಿಗೆ ಬೇಕಾದರೂ ಹೊಂದುತ್ತದೆ. ತೊಂದರೆ ಇರುವುದೇ ಅಲ್ಲಿ.

ಅರ್ಜಿ ತಿರಸ್ಕಾರವಾದಾಗ ನನ್ನ ಗೈಡ್ ಅದನ್ನು ಪೂರ್ತಿ ಓದಿದರು. ಓದಿ ಕನ್ನಡಕ ತೆಗೆದಿಟ್ಟು ಒಂದೇ ಪ್ರಶ್ನೆ ಕೇಳಿದರು: "ಅಲ್ಲ ಕಣಮ್ಮ, ನಿನಗೆ ಅಲ್ಲಿ ಏನು ಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಬೇಸಿಗೆ ರಜೆಯಲ್ಲಿ ನಾನು ಮಾಡಿದ ಮೊದಲ ಕೆಲಸ ಇಲ್ಲಿ ನನಗೆ ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಿದ್ದು. ಮೂರು ವರ್ಷ ಓಡಾಡಿ ಕೂಡಿಸಿದ್ದು 23 ಪುಸ್ತಕ. ಸಾರ್ವಜನಿಕ ಗ್ರಂಥಾಲಯಗಳಲ್ಲಿ ಇಂಥವನ್ನು ಯಾರೂ ಜೋಪಾನ ಮಾಡಿಲ್ಲ. ಮನೆಗಳಲ್ಲಿ ಇದ್ದವು ಒಲೆಯ ಪಕ್ಕವೇ ಹರಿದುಹೋಗಿವೆ. ನನ್ನ ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿದ ಬಾಣಂತಿ ಆರೈಕೆಯ ಪುಸ್ತಕಕ್ಕೆ ಮುಂದಿನ ಎಂಟು ಪುಟ ಇಲ್ಲ, ಹಿಂದಿನ ರಟ್ಟೂ ಇಲ್ಲ. ಅಂಚಿನಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಹಾಲಿನ ಲೆಕ್ಕ. ಬರೆದವರು ಯಾರು, ಯಾವ ಊರಲ್ಲಿ ಅಚ್ಚಾಯಿತು, ಎಷ್ಟು ಪ್ರತಿ, ಬೆಲೆ ಎಷ್ಟು, ಒಂದೂ ಗೊತ್ತಿಲ್ಲ. ನನ್ನ ಸಂಶೋಧನೆಗೆ ಬೇಕಾಗಿದ್ದು ಹರಿದುಹೋದ ಆ ಪುಟಗಳೇ. 23ರಲ್ಲಿ 14 ಪುಸ್ತಕಗಳದ್ದು ಇದೇ ಕಥೆ.

ಆಮೇಲೆ ವರ್ಲ್ಡ್‌ಕ್ಯಾಟ್‌ನಲ್ಲಿ ಹುಡುಕತೊಡಗಿದೆ. ಲೋಕದ ಸಾವಿರಾರು ಗ್ರಂಥಾಲಯಗಳ ಪುಸ್ತಕಪಟ್ಟಿ ಒಂದೇ ಕಡೆ ಸಿಗುವ ಜಾಲತಾಣ ಅದು, ಯಾರು ಬೇಕಾದರೂ ನೋಡಬಹುದು. ಮೊದಲ ಎರಡು ದಿನ ಏನೂ ಸಿಗಲಿಲ್ಲ. ಕಾರಣ ತಿಳಿದ ಮೇಲೆ ಸುಲಭವಾಯಿತು, ನಿಮಗೂ ಹೇಳಿಬಿಡುತ್ತೇನೆ. ಹಳೇ ಕನ್ನಡ ಪುಸ್ತಕಗಳ ಹೆಸರು ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ. ಆದರೆ ನಾವು ವಾಟ್ಸ್‌ಆ್ಯಪ್‌ನಲ್ಲಿ ಬರೆಯುವ ಹಾಗೆ ಅಲ್ಲ. 'ಚ'ಕ್ಕೆ ಸಿ ಒಂದೇ, ಪಕ್ಕದಲ್ಲಿ ಎಚ್ ಇಲ್ಲ. 'ಶ'ಕ್ಕೂ ಎಸ್ ಒಂದೇ, ಅದರ ಮೇಲೊಂದು ಗೀಟು. 'ಊ'ಗೆ ಎರಡು ಓ ಇಲ್ಲ, ಒಂದು ಯು, ಅದರ ಮೇಲೊಂದು ಅಡ್ಡಗೆರೆ. ಗೆರೆ, ಚುಕ್ಕಿ ಬಿಟ್ಟು ಬರೀ ಅಕ್ಷರ ಹಾಕಿದರೂ ಸಿಗುತ್ತದೆ. ಹಾಗೆ ಹುಡುಕಿದ ರಾತ್ರಿ ಅಜ್ಜಿಯ ಪುಸ್ತಕ ಸಿಕ್ಕಿತು. ಇರುವುದು ಶಿಕಾಗೋ ವಿಶ್ವವಿದ್ಯಾಲಯದಲ್ಲಿ.

ನಮ್ಮೂರ ಕಡೆಯ ಒಂದೂಕಾಲು ರೂಪಾಯಿಯ ಪುಸ್ತಕ ಶಿಕಾಗೋಗೆ ಯಾಕೆ ಹೋಯಿತು? ಅದರ ದಾಖಲೆಯಲ್ಲೇ ಸುಳಿವಿತ್ತು: ಪಿಎಲ್ 480. ನಮ್ಮ ಹಿರಿಯರಿಗೆ ಈ ಹೆಸರು ಗೊತ್ತು, ರೇಷನ್ ಅಂಗಡಿಗೆ ಬರುತ್ತಿದ್ದ ಅಮೆರಿಕದ ಗೋಧಿಯ ಹೆಸರು ಅದು. ಪಿಎಲ್ ಅಂದರೆ ಪಬ್ಲಿಕ್ ಲಾ, ಅಮೆರಿಕದ ಒಂದು ಕಾನೂನು. 1954ರಲ್ಲಿ ಆದ ಈ ಕಾನೂನಿನಡಿ ಭಾರತ ಗೋಧಿ ಕೊಂಡು ಡಾಲರಿನ ಬದಲು ರೂಪಾಯಿ ಕೊಡುತ್ತಿತ್ತು. ಆ ರೂಪಾಯಿಯನ್ನು ಅಮೆರಿಕ ಇಲ್ಲೇ ಖರ್ಚು ಮಾಡಬೇಕಿತ್ತು. ಅದರಲ್ಲಿ ಒಂದು ಪಾಲನ್ನು ಪುಸ್ತಕ ಕೊಳ್ಳಲು ತೆಗೆದಿಟ್ಟರು. 1962ರಿಂದ ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿ ಭಾರತದ ಭಾಷೆಗಳಲ್ಲಿ ಬಂದ ಪುಸ್ತಕ, ಪತ್ರಿಕೆಗಳನ್ನು ರಾಶಿಗಟ್ಟಲೆ ಕೊಂಡು ಅಲ್ಲಿಯ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿತು. ಶಿಕಾಗೋ, ಬರ್ಕ್ಲಿ, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ, ಹೀಗೆ. ಅಜ್ಜಿ ರೇಷನ್ ಗೋಧಿ ಆರಿಸುತ್ತಿದ್ದ ಕಾಲಕ್ಕೇ, ಆ ಗೋಧಿಯ ದುಡ್ಡಿನಿಂದಲೇ, ಅಜ್ಜಿಯ ಕೈಯಲ್ಲಿದ್ದ ಪುಸ್ತಕದ ಇನ್ನೊಂದು ಪ್ರತಿ ಹಡಗು ಹತ್ತಿತ್ತು. ಇದು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೇ ಅರ್ಜಿಯನ್ನು ನಾನು ಇಲ್ಲಿಂದಲೇ ಶುರು ಮಾಡಿದೆ. ಇಲ್ಲಿ ಸಿಕ್ಕಿದ್ದು 23, ಅದರಲ್ಲಿ ಪೂರ್ತಿ ಇರುವುದು 9. ಅಲ್ಲಿ ಇರುವುದು 112, ಪಟ್ಟಿ ಇಲ್ಲಿದೆ. ಹರಿದುಹೋದ ಪುಟಗಳಿಂದ ನನಗೆ ಏನು ತಿಳಿಯಬೇಕು, ಅದು ತಿಳಿದರೆ ಯಾವ ಅಧ್ಯಾಯ ಬರೆಯಬಹುದು. ಅಲ್ಲಿಯ ದಕ್ಷಿಣ ಏಷ್ಯಾ ವಿಭಾಗದ ಲೈಬ್ರರಿಯನ್‌ಗೆ ಮೇಲ್ ಮಾಡಿದ್ದೆ. ನನ್ನ ಪರಿಚಯವೇ ಇಲ್ಲದ ಅವರು ಮೂರೇ ದಿನಕ್ಕೆ ಉತ್ತರ ಬರೆದು, ಪಟ್ಟಿಗೆ ಇನ್ನೂ ಆರು ಪುಸ್ತಕ ಸೇರಿಸಿದರು. ನಿಜವಾಗಿ ಬೇಕಾಗುವ ಪರಿಚಯ ಇಂಥದ್ದು, ಅದು ಒಂದು ಮೇಲ್‌ನಿಂದ ಆಗುತ್ತದೆ. ಈ ಫೆಲೋಶಿಪ್‌ನ ಅರ್ಹತೆಯ ಷರತ್ತಿನಲ್ಲೇ ಬರೆದಿದೆ: ಭಾರತದಲ್ಲಿ, ಅಮೆರಿಕದಲ್ಲಿ ಏನೇನು ಆಕರ ಸಿಗುತ್ತದೆ ಅಂತ ಅರ್ಜಿದಾರರು ಮೊದಲೇ ಗುರುತಿಸಿರಬೇಕು ಅಂತ. ಮೊದಲ ಸಲ ನಾನು ಆ ಸಾಲನ್ನು ಓದಿ ಸುಮ್ನೆ ಮುಂದೆ ಹೋಗಿದ್ದೆ.

ಸಂದರ್ಶನದಲ್ಲಿ ಒಬ್ಬರು ಕೇಳಿದರು, "ಇಷ್ಟಕ್ಕೆ ಅಲ್ಲಿಗೆ ಯಾಕೆ ಹೋಗಬೇಕು, ಸ್ಕ್ಯಾನ್ ಮಾಡಿಸಿ ತರಿಸಿಕೊಳ್ಳಬಹುದಲ್ಲ?" ಒಳ್ಳೆಯ ಪ್ರಶ್ನೆ. ನಾನು ಹೇಳಿದೆ: ಕಾಪಿರೈಟ್ ಇರುವ ಪುಸ್ತಕವನ್ನು ಇಡಿಯಾಗಿ ಸ್ಕ್ಯಾನ್ ಮಾಡಿ ಕೊಡುವುದಿಲ್ಲ. ಕೊಟ್ಟರೂ ನನಗೆ ನೂರು ಪುಸ್ತಕ ಒಂದೇ ಮೇಜಿನ ಮೇಲೆ ಬೇಕು. ಒಂದೇ ಚಿತ್ರದ ಅಚ್ಚಿನ ಬ್ಲಾಕನ್ನು ಎರಡು ಪ್ರೆಸ್ಸಿನವರು ಬಳಸಿದ್ದಾರಾ ಅಂತ ಪಕ್ಕಪಕ್ಕ ಇಟ್ಟು ನೋಡಬೇಕು. ಇಂಗ್ಲಿಷಿನಲ್ಲಿ ತಡವರಿಸಿಕೊಂಡೇ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಹೀಗಾಗಿ ನಮ್ಮ ಇಂಗ್ಲಿಷ್ ಸಾಲದು ಅಂತ ಹಿಂಜರಿಯುವವರಿಗೆ ನಾನು ಹೇಳುವುದು, ಏನು ಬೇಕು ಅಂತ ಗೊತ್ತಿದ್ದರೆ ಹೇಳೋಕೆ ಮಾತು ಸಿಗುತ್ತದೆ.

ನಿಮ್ಮ ವಿಷಯಕ್ಕೆ ಪುಸ್ತಕವೇ ಆಗಬೇಕೆಂದಿಲ್ಲ. ಒಂದು ಉಪಕರಣ ಇರಬಹುದು, ಗಿಡಗಳ ಸಂಗ್ರಹ ಇರಬಹುದು, ಒಂದು ಲ್ಯಾಬಿನಲ್ಲಿ ಮಾತ್ರ ಮಾಡುವ ಪರೀಕ್ಷೆ ಇರಬಹುದು. ಅದರ ಹೆಸರು, ಇರುವ ಜಾಗ, ನೋಡಿಕೊಳ್ಳುವವರು ಯಾರು, ಇಷ್ಟು ಬರೆಯಿರಿ. ಹುಡುಕಿದ ಮೇಲೆ ಅದು ಪುಣೆಯಲ್ಲೋ ಮೈಸೂರಿನಲ್ಲೋ ಇದೆ ಅಂತ ಗೊತ್ತಾದರೆ ಅಲ್ಲಿಗೇ ಹೋಗಿ, ಅರ್ಜಿ ಬೇಡ. ನನ್ನ ಜೊತೆಯವರೊಬ್ಬರಿಗೆ ಹಾಗೇ ಆಯಿತು, ಅವರ ಥೀಸಿಸ್ ನನ್ನದಕ್ಕಿಂತ ಮೊದಲೇ ಮುಗಿಯಿತು.

ಉಳಿದದ್ದು ಕಾಗದಪತ್ರದ ಕೆಲಸ. ಶಿಫಾರಸು ಪತ್ರಗಳನ್ನು ನಿಮ್ಮ ಕೆಲಸ ನಿಜವಾಗಿ ಓದಿದವರಿಂದ ಬರೆಸಿ, ದೊಡ್ಡ ಹುದ್ದೆಯವರೇ ಆಗಬೇಕಿಲ್ಲ. ನೌಕರಿಯಲ್ಲಿದ್ದರೆ ಎನ್‌ಒಸಿಗೆ, ಅಂದರೆ ಕಚೇರಿಯ ನಿರಾಕ್ಷೇಪಣಾ ಪತ್ರಕ್ಕೆ, ಎಲ್ಲಕ್ಕಿಂತ ಮೊದಲು ಅರ್ಜಿ ಕೊಡಿ, ಫೈಲು ನಿಧಾನ. ಇನ್ನೊಂದು ಮಾತು ಮನೆಯವರಿಗೂ ಮೊದಲೇ ತಿಳಿಸಿ: ಇದು ಜೆ-1 ವೀಸಾ, ವಿನಿಮಯ ಕಾರ್ಯಕ್ರಮದಲ್ಲಿ ಹೋಗುವವರಿಗೆ ಕೊಡುವಂಥದ್ದು. ವಾಪಸ್ ಬಂದು ಎರಡು ವರ್ಷ ಊರಲ್ಲಿ ಇರಬೇಕು, ಅಲ್ಲಿಯವರೆಗೆ ಕೆಲಸಕ್ಕೆ ಹೋಗುವ ಎಚ್-1ಬಿ ವೀಸಾ, ಅಲ್ಲೇ ನೆಲೆಸುವ ಗ್ರೀನ್ ಕಾರ್ಡ್ ಎಲ್ಲ ಸಿಗುವುದಿಲ್ಲ. ಅಲ್ಲೇ ಉಳಿಯಬೇಕು ಅನ್ನುವ ಆಸೆ ಇದ್ದವರಿಗೆ ಈ ದಾರಿ ಸರಿಹೋಗುವುದಿಲ್ಲ.

ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ಜುಲೈನಲ್ಲಿ ಬರುತ್ತದೆ. ಹೋಗುವುದು ಅದರ ಮುಂದಿನ ವರ್ಷ. ಕರಡು ಕಳಿಸಿ, "ಮೇಡಂ, ಓದ್ತೀರಾ?" ಅಂತ ಕೇಳಿದವರಿಗೆಲ್ಲ ನಾನು ಹೂಂ ಅಂದಿದ್ದೇನೆ, ಈಗಲೂ ಅನ್ನುತ್ತೇನೆ. ಆದರೆ ಜುಲೈ ಮೊದಲ ವಾರ ಬೇಡ, ಏಪ್ರಿಲ್‌ನಲ್ಲಿ ಕಳಿಸಿ. ಕರಡಿಗಿಂತ ಮೊದಲು ಆ ಪಟ್ಟಿ ಕಳಿಸಿದರೆ ಇನ್ನೂ ಸಂತೋಷ: ಇಲ್ಲಿ ಸಿಕ್ಕಿದ್ದು ಎಡಗಡೆ, ಅಲ್ಲಿ ಇರುವುದು ಬಲಗಡೆ.