ಶೆಟ್ಟಿಹಳ್ಳಿಯ ಚಾವಣಿಯಿಲ್ಲದ ಚರ್ಚು

ಹಾಸನದ ಬಳಿ ಹೇಮಾವತಿ ನದಿಗೆ ಅಣೆಕಟ್ಟು ಕಟ್ಟಿದಾಗ ಉಂಟಾದ ಗೊರೂರು ಜಲಾಶಯದ ಹಿನ್ನೀರು ಇಳಿದಿದ್ದರಿಂದ ಈ ವಾರ ಶೆಟ್ಟಿಹಳ್ಳಿಯ ಹಳೆಯ ಚರ್ಚಿನೊಳಗೆ ನಡೆದಾಡಲು ಸಾಧ್ಯವಾಯಿತು. ಅಲ್ಲಿ ಕಿವಿಗೆ ಬಿದ್ದ ಒಂದು ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಬಂದಿದ್ದ ಹುಡುಗನೊಬ್ಬ, ಗೋಡೆಯ ನೆರಳಿನಲ್ಲಿ ಕುಳಿತಿದ್ದ ವೃದ್ಧರನ್ನು, "ಅಜ್ಜಾ, ಇದನ್ನ ರಿಪೇರಿ ಮಾಡಿಸಬಹುದಿತ್ತಲ್ವಾ?" ಎಂದು ಕೇಳಿದ. "ಮಾಡಿಸಬಹುದಿತ್ತಪ್ಪಾ. ಪೂಜೆಗೆ ಬರೋಕೆ ಊರೆಲ್ಲಿತ್ತು?" ಎಂದರು ಅವರು. ಹುಡುಗ ನಕ್ಕು ಕ್ಯಾಮೆರಾದ ಕಡೆ ತಿರುಗಿದ. ಅವನು ಒಳ್ಳೆಯವನೇ ಇರಬೇಕು. ಆದರೆ ಅಂಥ ಉತ್ತರದ ಮುಂದೆ ಒಂದು ಗಳಿಗೆ ನಿಲ್ಲಬೇಕಿತ್ತು.

ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ಈ ಚರ್ಚಿನ ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಜನ ಹೇಳುತ್ತಾರೆ. ಹತ್ತಿರ ಹೋಗಿ ನೋಡಿದರೆ, ಇಟ್ಟಿಗೆಗಳ ನಡುವಿನ ಸಂದಿನಲ್ಲಿ ಆ ಗಾರೆ ಬೆರಳಿನ ಗೆಣ್ಣು ಹೋಗುವಷ್ಟು ಆಳಕ್ಕೆ ಸವೆದಿತ್ತು. ನೀರು ನಿಂತಿದ್ದ ಮಟ್ಟವನ್ನು ತೋರಿಸುವ ಕೆಸರಿನ ಗೆರೆ ನನ್ನ ತಲೆಗಿಂತ ಮೇಲಿತ್ತು. ಕಮಾನಿನ ಇಟ್ಟಿಗೆಗಳು ಒಂದನ್ನೊಂದು ಒತ್ತಿಕೊಂಡೇ ನಿಲ್ಲುವುದರಿಂದ ಗಾರೆ ಸೋತರೂ ಕಮಾನು ಬಹುಕಾಲ ತಾಳುತ್ತದೆ. ಆದರೆ ಅದು ಪಕ್ಕಕ್ಕೆ ತಳ್ಳುವ ಭಾರವನ್ನು ತಡೆದಿರುವ ಗೋಡೆ ಬುಡದಲ್ಲಿ ಸಡಿಲವಾದರೆ ಕಮಾನಿಗೂ ಉಳಿಗಾಲವಿಲ್ಲ. ಪ್ರತಿ ಮಳೆಗಾಲದಲ್ಲಿ ನೆನೆದು, ಬೇಸಿಗೆಯಲ್ಲಿ ಒಣಗುವ ಈ ಗೋಡೆಗಳ ಬುಡ ಸವೆಯುತ್ತಿರುವುದು ಹಾಗೆಯೇ.

ಕಟ್ಟಡದ ಬಗ್ಗೆ ಕೇಳಿದಾಗ ಆ ವೃದ್ಧರು ಕಮಾನುಗಳ ಮಾತೇ ಎತ್ತಲಿಲ್ಲ. ಬಲಿಪೀಠವಿದ್ದ ಜಾಗವನ್ನೂ ತಮ್ಮ ತಾಯಿ ಮಂಡಿಯೂರುತ್ತಿದ್ದ ಜಾಗವನ್ನೂ ಕೈಯೆತ್ತಿ ತೋರಿಸಿದರು. ಆಗ ನನಗೆ ಕಟ್ಟಡದ ವಿನ್ಯಾಸವೇ ಬೇರೆಯಾಗಿ ಕಂಡಿತು. ಅಷ್ಟು ಉದ್ದದ ಸಭಾಂಗಣ ಬಾಗಿಲಿನಿಂದ ಪೀಠದವರೆಗೆ ಮೆರವಣಿಗೆ ಸಾಗಲೆಂದು, ಅಷ್ಟು ಎತ್ತರ ಹಾಡು ಮೇಲೇರಲೆಂದು. ಎರಡೂ ತುಂಬಿದ ಸಭೆಗಾಗಿ ಹಾಕಿದ ಲೆಕ್ಕ. 1979ರಲ್ಲಿ ಪೂರ್ಣಗೊಂಡ ಹೇಮಾವತಿ ಅಣೆಕಟ್ಟು ಎಷ್ಟೋ ಹೊಲಗಳಿಗೆ ನೀರು ಕೊಟ್ಟಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಅದಕ್ಕಾಗಿ ಮನೆಮಠ ಬಿಟ್ಟವರನ್ನು ಮರೆತು, ಚಾವಣಿಯಿಲ್ಲದ ಈ ಗೋಡೆಗಳನ್ನು ಸುಂದರ ದೃಶ್ಯವೆಂದಷ್ಟೇ ಹೊಗಳುವುದು ನನಗೆ ಸಹ್ಯವಾಗುವುದಿಲ್ಲ.

ಉಳಿದಿರುವುದನ್ನು ಭದ್ರಪಡಿಸುವುದಾದರೆ, ತೇವವನ್ನು ಒಳಗೇ ಹಿಡಿದಿಡುವ ಸಿಮೆಂಟನ್ನು ದೂರವಿಟ್ಟು ಸುಣ್ಣದ ಗಾರೆಯನ್ನೇ ಬಳಸಬೇಕು. ಯಾವ ಗೋಡೆಯನ್ನು ಮೊದಲು ಹಿಡಿದು ನಿಲ್ಲಿಸಬೇಕೆಂಬುದನ್ನು ಅಲ್ಲಿ ಮಂಡಿಯೂರಿದವರ ಮಕ್ಕಳನ್ನು ಕೇಳಿಯೇ ತೀರ್ಮಾನಿಸಬೇಕು.