34 ವಿಸಿಟಿಂಗ್ ಕಾರ್ಡು, ಒಂದು ರಬ್ಬರ್ ಬ್ಯಾಂಡು

ಮೊನ್ನೆ ಡ್ರಾಯರ್ ಕ್ಲೀನ್ ಮಾಡ್ತಾ ಇದ್ದಾಗ ಕಾನ್ಫರೆನ್ಸ್‌ಗಳಲ್ಲಿ ಇಸ್ಕೊಂಡು ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದ ವಿಸಿಟಿಂಗ್ ಕಾರ್ಡ್ ಕಟ್ಟು ಸಿಕ್ತು, ಎಣಿಸಿದ್ರೆ 34, ಮುಖ ನೆನಪಿರೋದು ಇಬ್ಬರದ್ದೇ. ಒಬ್ರ ಕಾರ್ಡ್ ಹಿಂದೆ ನಾನೇ ಪೆನ್ನಲ್ಲಿ "ಹುಬ್ಬಳ್ಳಿ, ಗೋಡೌನ್ ಸಾಫ್ಟ್‌ವೇರ್, ಸೋಮವಾರ ಫೋನ್" ಅಂತ ಗೀಚಿದ್ದೆ. ಇನ್ನೊಬ್ರ ಜೊತೆ ಊಟದ ಕ್ಯೂನಲ್ಲಿ ನಿಂತು, ಬಿಸಿಬೇಳೆಬಾತ್ ಖಾಲಿ ಆಯ್ತಲ್ಲ ಅಂತ ಗೊಣಗಿದ್ವಿ. ಸ್ಟೇಜ್ ಮುಂದೆ ಕೂತಿದ್ದಕ್ಕಿಂತ ಆ ಕ್ಯೂನೇ ವಾಸಿ ಅನ್ಸುತ್ತೆ.

ನಾವು ಮಾಡೋ ದೊಡ್ಡ ತಪ್ಪು ಏನಂದ್ರೆ ಆಫೀಸಿಂದ ನಾಲ್ಕು ಜನ ಕಾನ್ಫರೆನ್ಸಿಗೆ ಹೋಗಿ ಅದೇ ನಾಲ್ಕು ಜನ ಒಂದೇ ಟೇಬಲ್ ಸುತ್ತ ಕಾಫಿ ಕುಡಿದು ವಾಪಸ್ ಬರೋದು. ಮಾರ್ಕ್ ಗ್ರಾನೊವೆಟರ್ ಅನ್ನೋ ಸಮಾಜಶಾಸ್ತ್ರಜ್ಞರು 1973ರಲ್ಲೇ ಹೇಳಿದಾರೆ, ಹೊಸ ಸುದ್ದಿ, ಕೆಲಸದ ಸುಳಿವು ಜಾಸ್ತಿ ಬರೋದು ಆಪ್ತರಿಂದ ಅಲ್ಲ, ಅಲ್ಪಸ್ವಲ್ಪ ಪರಿಚಯ ಇರೋರಿಂದ ಅಂತ. ಪಕ್ಕದ ಡೆಸ್ಕಿನವನಿಗೆ ಗೊತ್ತಿರೋದು ನಮಗೂ ಗೊತ್ತಿರುತ್ತಲ್ಲ!

2025ರಲ್ಲಿ ಬೆಂಗಳೂರು ಟೆಕ್ ಸಮಿಟ್ ತುಮಕೂರು ರೋಡಿನ ಬಿಐಇಸಿ ಎಕ್ಸಿಬಿಷನ್ ಸೆಂಟರ್‌ಲಿ ಆಯ್ತಲ್ಲ, ಅಂಥ ಜಾತ್ರೆಲಿ ಎಲ್ಲರನ್ನೂ ಮಾತಾಡಿಸ್ತೀನಿ ಅಂದ್ರೆ ಆಗೋ ಮಾತಲ್ಲ. ಬರೋರ ಲಿಸ್ಟ್ ನೋಡಿ ಮೂರೇ ಜನರನ್ನ ಆರಿಸ್ಕೊಂಡು, ಒಬ್ಬೊಬ್ರಿಗೂ ಒಂದು ಪ್ರಶ್ನೆ ರೆಡಿ ಇಟ್ಕೊಳ್ಳಿ, "ಏನ್ ಮಾಡ್ಕೊಂಡಿದೀರಾ" ಅನ್ನೋದು ಬೇಡ. ವಾಪಸ್ ಬರ್ತಾ ಮಾದಾವರದಲ್ಲಿ ಮೆಟ್ರೋ ಹತ್ತಿದ್ರೆ ಅದೇ ಮೊದಲ ಸ್ಟೇಷನ್, ಸೀಟು ಸಿಗುತ್ತೆ, ಮೆಜೆಸ್ಟಿಕ್ ಬರೋದ್ರೊಳಗೆ ಮೂರೂ ಜನಕ್ಕೆ ಲಿಂಕ್ಡ್‌ಇನ್‌ನಲ್ಲಿ ಮೆಸೇಜ್ ಹಾಕಬಹುದು.

ಅಂದಹಾಗೆ ಆ ಹುಬ್ಬಳ್ಳಿಯವರಿಗೆ ನಾನು ಸೋಮವಾರ ಫೋನ್ ಮಾಡಿರ್ಲೇ ಇಲ್ಲ. ನಿನ್ನೆ ಮಾಡ್ದೆ, ನಂಬರ್ ಚಾಲ್ತಿಯಲ್ಲಿಲ್ಲ ಅಂತು.